ಹೊಸಿಲಿನ ಈಚೆ ಕ್ಯಾಮೆರಾ, ಆಚೆ ಫ್ಲ್ಯಾಶ್

ಬೆಳ್ಳಿಯ ಫೋಟೋ ತೆಗೆಯುವುದು ನನ್ನ ಕೆಲಸ. ಜಯನಗರದ ಎರಡು ಮೂರು ಅಂಗಡಿಗಳ ದೀಪ, ಪಂಚಪಾತ್ರೆ, ಕುಂಕುಮದ ಬಟ್ಟಲು, ಮದುವೆಗೆ ಕೊಡುವ ತಟ್ಟೆ ಲೋಟಗಳು ನನ್ನ ಮೇಜಿನ ಮೇಲೆ ಬಂದು ಹೋಗುತ್ತಿರುತ್ತವೆ. ಬೆಳ್ಳಿ ಕನ್ನಡಿಯ ಜಾತಿಯದು. ಎದುರಿಗೆ ಏನಿದ್ದರೂ ತನ್ನ ಮೈಮೇಲೆ ತೋರಿಸಿಬಿಡುತ್ತದೆ. ಫ್ಲ್ಯಾಶನ್ನು ನೇರವಾಗಿ ಬಿಟ್ಟರೆ ದೀಪದ ಹೊಟ್ಟೆಯ ಮೇಲೆ ಒಂದು ಬಿಳಿ ಚುಕ್ಕೆ ಕೂತು ಸುತ್ತಲಿನ ಕೆತ್ತನೆಯನ್ನೆಲ್ಲ ನುಂಗಿಹಾಕುತ್ತದೆ. ಹಾಗಾಗಿ ಬಿಳಿ ಬಟ್ಟೆಯ ಹಿಂದೆ ಫ್ಲ್ಯಾಶ್ ಇಟ್ಟು, ಬೆಳಕನ್ನು ಅಗಲ ಮಾಡಿ, ಮೆತ್ತಗೆ ಮಾಡಿ, ಎಲ್ಲ ಕಡೆಯಿಂದಲೂ ಬಂದಂತೆ ಮಾಡುವುದು ನನಗೆ ಅಭ್ಯಾಸವಾಗಿತ್ತು. ಆ ಅಭ್ಯಾಸವನ್ನು ಒಂದು ಕಲ್ಲಿನ ಮುಂದೆ ಬಿಡಬೇಕಾಗಿ ಬಂತು. ಬಿಡಿಸಿದವರನ್ನು ನೆನೆದಾಗಲೆಲ್ಲ ನನಗೆ ಒಳ್ಳೆಯದೇ ಅನ್ನಿಸುತ್ತದೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಬೆಳ್ಳಿ ಅಂಗಡಿಗಳ ಮಾಲೀಕರೊಬ್ಬರು ಫೋನ್ ಮಾಡಿ ಹೇಳಿದ್ದು ಇಷ್ಟು. ಜೆ.ಪಿ. ನಗರದ ಒಳಗೆ ಸೇರಿಹೋಗಿರುವ ಒಂದು ಹಳೇ ಊರಿನ ಮನೆಯವರು ತಮ್ಮ ಮನೆತನದ ಅಮ್ಮನವರ ಗುಡಿಗೆ ಬೆಳ್ಳಿ ಕವಚ ಮಾಡಿಸಿದ್ದಾರೆ. ಬರುವ ಶುಕ್ರವಾರ ಅದನ್ನು ಕಲ್ಲಿನ ವಿಗ್ರಹಕ್ಕೆ ಕೂರಿಸಿ ಸ್ಕ್ರೂ ಹಾಕಿ ಭದ್ರ ಮಾಡುತ್ತಾರೆ. ಆಮೇಲೆ ಕಲ್ಲು ಕಾಣುವುದಿಲ್ಲ. ಅದಕ್ಕೆ ಮುಂಚೆ ಒಂದು ಒಳ್ಳೆಯ ಫೋಟೋ ಬೇಕು.

"ಅರ್ಧ ಗಂಟೆ ಕೆಲಸ ಅಮ್ಮ, ಒಂದೇ ಫೋಟೋ" ಎಂದರು.

ಗುಡಿ ಅಪಾರ್ಟ್‌ಮೆಂಟುಗಳ ನಡುವಿನ ಗಲ್ಲಿಯಲ್ಲಿತ್ತು. ಮುಂದೆ ಅರಳಿಕಟ್ಟೆ. ಒಂದು ಬದಿಯ ಗೋಡೆಗೆ ಅಂಟಿಕೊಂಡಂತೆ ಮದುವೆ ಛತ್ರ. ಮನೆಯ ಯಜಮಾನರು ಐವತ್ತೈದರ ಆಸುಪಾಸಿನವರು. ಗಲ್ಲಿಯ ಅರ್ಧ ಕಟ್ಟಡಗಳು ಅವರವೇ. "ಇಲ್ಲೆಲ್ಲ ನಮ್ಮ ರಾಗಿ ಹೊಲ ಮೇಡಂ" ಎಂದು ಕೈ ಬೀಸಿ ತೋರಿಸಿದಾಗ, ಆ ಕೈ ಒಂದು ಜಿಮ್, ಒಂದು ಪಿ.ಜಿ., ಒಂದು ಮೊಬೈಲ್ ಅಂಗಡಿಯನ್ನು ದಾಟಿಹೋಯಿತು. ಪೂಜೆ ಮಾತ್ರ ಅವರ ತಾಯಿಯದು. ಗರ್ಭಗುಡಿಯ ಹೊಸಿಲು ದಾಟುವವರು ಇಬ್ಬರೇ, ತಲೆಗೆ ಸ್ನಾನ ಮಾಡಿದ ಅಜ್ಜಿ ಮತ್ತು ವರ್ಷಕ್ಕೊಮ್ಮೆ ಈ ಮಗ.

"ನಾನೇನೂ ತಡೀತಿಲ್ಲ, ಬೇಜಾರ್ ಮಾಡ್ಕೋಬೇಡಿ. ಮೊದ್ಲಿಂದ ಹಂಗೇ ನಡ್ಕೊಂಡ್ ಬಂದಿದೆ" ಎಂದರು ಯಜಮಾನರು.

"ಪರವಾಗಿಲ್ಲ ಸಾರ್, ಇಲ್ಲಿಂದಲೇ ತೆಗೀತೀನಿ" ಎಂದೆ. ಆ ಮಾತು ಎಷ್ಟು ಕಷ್ಟದ್ದೆಂದು ಆಗ ತಿಳಿದಿರಲಿಲ್ಲ.

ಅಜ್ಜಿ ಒಳಗಿನಿಂದಲೇ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಬಾರವ್ವ. ನೀನೇನಾ ಫೋಟೋದವಳು? ನಂಗೊಂದು ಮಾತು ಐತೆ. ಅಮ್ಮನ ಕಾಲ್ತಾವ, ಎಡಗಡೆ, ಒಂದು ಮಗು ಐತೆ. ಅದು ಬರಬೇಕು ಫೋಟೋದಲ್ಲಿ."

ಯಜಮಾನರು ನಕ್ಕರು. "ಅವ್ವ, ಅಲ್ಲೇನೂ ಇಲ್ಲ. ಬರೀ ಕಲ್ಲು."

"ನಿನ್ನ ಕಣ್ಣಿಗೆ ಇಲ್ಲ. ನನ್ನ ಕೈಗೆ ಐತೆ. ನಮ್ಮತ್ತೆ ನನ್ನ ಕೈ ಹಿಡಿದು ಅಲ್ಲಿಟ್ಟು, ಇದಕ್ಕೂ ಬೊಟ್ಟಿಡು, ಇದಕ್ಕೂ ಹಾಲಿಡು ಅಂದವ್ರೆ. ಅವತ್ತಿಂದ ಇಡ್ತಾ ಇವ್ನಿ. ನಾಳೆ ನಿನ್ನ ತಗಡು ಹಾಕಿ ಮುಚ್ಚಿಬಿಟ್ರೆ ಆ ಮಗೀಗೆ ಎಲ್ಲಿ ಇಡ್ಲಿ?"

"ತಗಡಲ್ಲ, ಬೆಳ್ಳಿ."

"ಮುಚ್ಚೋದು ಮುಚ್ಚೋದೇ."

ಈ ಜಗಳ ಅವರ ಮನೆಯಲ್ಲಿ ಹಳೆಯದಾಗಿತ್ತೆಂದು ಕಾಣುತ್ತದೆ. ಕವಚ ನೆಲದವರೆಗೂ ಬರುವ ಹಾಗೆ ಆಗಲೇ ತಯಾರಾಗಿತ್ತು. ಅಜ್ಜಿಗೆ ಅದು ಕೆಳಗಿನ ಎಡಮೂಲೆಯಲ್ಲಿ ತೆರೆದಿರಬೇಕಾಗಿತ್ತು. ಕೊನೆಗೆ ಯಜಮಾನರು ನನ್ನ ಎದುರಿಗೇ ಒಂದು ಒಪ್ಪಂದ ಮಾಡಿದರು. "ಸರಿ, ಮೇಡಂ ಫೋಟೋದಲ್ಲಿ ಅಲ್ಲಿ ಮಗು ಕಂಡ್ರೆ ಆ ಮೂಲೆ ಕಟ್ ಮಾಡಿಸ್ತೀನಿ. ಕಾಣ್ಲಿಲ್ಲ ಅಂದ್ರೆ ನೀನು ಸುಮ್ನೆ ಇರ್ಬೇಕು."

"ಆಗ್ಲಿ" ಎಂದರು ಅಜ್ಜಿ. ಅಂದು ಮಂಗಳವಾರ.

ಹೀಗೆ ಗೋಡೆಗೆ ಹಾಕುವ ಫೋಟೋ ಎಂದು ಬಂದವಳ ಮೇಲೆ ತಾಯಿ ಮಗನ ಪಂಚಾಯ್ತಿ ಬಿತ್ತು.

ಕಲ್ಲು ಸುಮಾರು ಸೊಂಟದೆತ್ತರದ್ದು, ಕಪ್ಪು. ಎಷ್ಟೋ ತಲೆಮಾರು ಎಣ್ಣೆ, ಅರಿಶಿನ, ನೀರು ಕುಡಿದು, ಕೈ ಸವರಿ ಸವರಿ ನುಣುಪಾಗಿತ್ತು. ಮುಖದ ಜಾಗದಲ್ಲಿ ಬೆಳ್ಳಿಯ ಕಣ್ಣುಗಳನ್ನು ಅಂಟಿಸಿದ್ದರು. ಉಳಿದಂತೆ ಒಂದು ಆಕಾರವಿದೆ ಎನ್ನುವುದಷ್ಟೇ ಬರಿಗಣ್ಣಿಗೆ ತಿಳಿಯುತ್ತಿತ್ತು. ಇಡೀ ದಿನ ಅದರ ಮೇಲೆ ಸೀರೆ, ಹೂವು, ನಿಂಬೆಹಣ್ಣಿನ ಹಾರ. ಅಭಿಷೇಕ ಮುಗಿದು ಅಲಂಕಾರ ಶುರುವಾಗುವ ನಡುವೆ ಮಾತ್ರ ಅದು ಬರಿದಾಗಿ ನಿಲ್ಲುತ್ತದೆ. ನನಗೆ ಸಿಗುವುದು ಆ ಸ್ವಲ್ಪ ಹೊತ್ತು.

ಹೊಸಿಲಿನ ಈಚೆ ಟ್ರೈಪಾಡ್ ನಿಲ್ಲಿಸಿದೆ. ಒಳಗೆ ಒಂದು ಟ್ಯೂಬ್‌ಲೈಟ್, ಎರಡು ಎಣ್ಣೆ ದೀಪ. ಅವುಗಳ ಬೆಳಕು ಚಿತ್ರಕ್ಕೆ ಬರಬಾರದು ಎಂದು ಲೆನ್ಸಿನ ಬಾಯಿಯನ್ನು ಕಿರಿದು ಮಾಡಿ, ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆದೆ. ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಏನ್ ಮೇಡಂ, ಕಪ್ಪಗಿದೆ?"

"ಕಪ್ಪಗೇ ಇರಬೇಕು ಸಾರ್. ಈಗಿರೋ ಬೆಳಕು ಯಾವುದೂ ಬರಬಾರದು. ಆಮೇಲೆ ಬರೋದೆಲ್ಲ ನಾನು ಹಾಕಿದ್ದೇ ಆಗಿರುತ್ತೆ."

"ಓ. ಮೊದ್ಲು ಕರೆಂಟ್ ತೆಗೆಯೋದು, ಆಮೇಲೆ ಹಾಕೋದು" ಎಂದು ಅವರು ತಲೆಯಾಡಿಸಿದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಬಾಗಿಲಿನ ಎಡಕ್ಕೆ, ಹೊಸಿಲಿನ ಹೊರಗೆ, ಸ್ಟ್ಯಾಂಡಿನ ಮೇಲೆ ಒಂದು ಫ್ಲ್ಯಾಶ್ ನಿಲ್ಲಿಸಿ ಅದರ ಮುಂದೆ ಬಿಳಿ ಬಟ್ಟೆಯ ಸಾಫ್ಟ್‌ಬಾಕ್ಸ್ ಕಟ್ಟಿದೆ. ಕ್ಯಾಮೆರಾದ ತಲೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಿಗರ್. ಗುಂಡಿ ಒತ್ತಿದ ಕ್ಷಣಕ್ಕೆ ಅದು ರೇಡಿಯೋದಲ್ಲಿ ಒಂದು ಸಂಕೇತ ಕಳಿಸುತ್ತದೆ, ಎಲ್ಲೋ ನಿಂತ ಫ್ಲ್ಯಾಶ್ ಮಿಂಚುತ್ತದೆ. ನಡುವೆ ತಂತಿಯಿಲ್ಲ. ಎರಡೂ ಒಂದೇ ಚಾನೆಲ್‌ನಲ್ಲಿರಬೇಕು ಅಷ್ಟೆ. ಮನೆಯಲ್ಲಿ ಒಬ್ಬಳೇ ಕೆಲಸ ಮಾಡುವ ನಾನು ಕಂಪನಿಯವರು ಇಟ್ಟುಕೊಟ್ಟ ಒಂದನೇ ಚಾನೆಲನ್ನು ಎಂದೂ ಬದಲಿಸಿರಲಿಲ್ಲ.

ಅಜ್ಜಿ ಹಿಂದಿನ ದಿನದ ಅಲಂಕಾರ ತೆಗೆದಾಗ ಪರೀಕ್ಷೆಗೆಂದು ಎರಡು ಚಿತ್ರ ತೆಗೆದೆ. ಅವರು ಅಭಿಷೇಕ ಶುರುಮಾಡಿದರು. ನಾನು ಬಗ್ಗಿ ಟ್ರೈಪಾಡಿನ ಕಾಲು ಸರಿಮಾಡುತ್ತಿದ್ದೆ. ಪಕ್ಕದ ಛತ್ರದಲ್ಲಿ ಗಟ್ಟಿಮೇಳ ಮೊಳಗಿತು. ಅದರ ಜೊತೆಗೇ ನನ್ನ ಫ್ಲ್ಯಾಶ್ ಮಿಂಚಿತು. ನಾನು ಏನನ್ನೂ ಒತ್ತಿರಲಿಲ್ಲ. ಮತ್ತೆ ಮಿಂಚಿತು, ಆಮೇಲೆ ಬಿಡುವಿಲ್ಲದೆ ಮಿಂಚತೊಡಗಿತು. ಒದ್ದೆ ಕಲ್ಲು, ಅದರ ಮೇಲಿನ ಬೆಳ್ಳಿ ಕಣ್ಣು ಎರಡೂ ಫಳಫಳ ಹೊಳೆದವು.

ಗುಡಿ ಸುತ್ತುತ್ತಿದ್ದ ಇಬ್ಬರು ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು.

"ಅಮ್ಮ ಕಣ್ಣು ಬಿಟ್ಳು!"

"ಹೌದು ಕಣೇ, ನಾನೂ ನೋಡ್ದೆ. ಗಟ್ಟಿಮೇಳಕ್ಕೆ ಸರಿಯಾಗಿ!"

ಒಬ್ಬರು ನೆಲಕ್ಕೆ ಹಣೆ ಹಚ್ಚಿದರು. ಯಜಮಾನರು ಮೊದಲು ಕೈ ಮುಗಿದರು, ಆಮೇಲೆ ಜೇಬಿಗೆ ಕೈ ಹಾಕಿ ಫೋನ್ ತೆಗೆದರು.

ನನಗೆ ವಿಷಯ ಅಷ್ಟರಲ್ಲಿ ಹೊಳೆದಿತ್ತು. ತಾಳಿ ಕಟ್ಟುವ ಹೊತ್ತಿಗೆ ಮದುವೆ ಫೋಟೋದವರು ಬೆರಳು ತೆಗೆಯದೆ ಒತ್ತುತ್ತಾರೆ. ಗೋಡೆಯ ಆಚೆಯವರದೂ ಅದೇ ಕಂಪನಿಯ ಟ್ರಿಗರ್, ಅದೇ ಒಂದನೇ ಚಾನೆಲ್. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಕಲ್ಲಿನ ಮೇಲೆ ಏನಿದೆ ಏನಿಲ್ಲ ಎಂದು ನಾಳೆ ನಾನೇ ಹೇಳಬೇಕಾಗಿತ್ತು. ಮೊದಲ ದಿನವೇ ಇಲ್ಲದ್ದನ್ನು ಇದೆ ಎಂದು ಬಿಟ್ಟುಕೊಂಡರೆ ನಾಳೆಯ ಮಾತಿಗೆ ಬೆಲೆ ಏನು?

"ಸಾರ್, ಅದು ನನ್ನ ಫ್ಲ್ಯಾಶು" ಎಂದೆ. "ಪಕ್ಕದ ಛತ್ರದವರು ಅವರ ಫೋಟೋ ತೆಗೆದಾಗಲೆಲ್ಲ ಇದೂ ಹೊಡೀತಿದೆ. ತಪ್ಪು ನಂದು, ಚಾನೆಲ್ ಬದಲಾಯಿಸ್ಬೇಕಿತ್ತು."

ಹೆಂಗಸರ ಮುಖ ಸಪ್ಪಗಾಯಿತು. ಯಜಮಾನರು ಫೋನನ್ನು ಜೇಬಿಗೆ ಹಾಕಿಕೊಂಡರು. "ದೇವರ ಮುಂದೆ ಇದೆಲ್ಲ ಆಗಬಾರ್ದು ಮೇಡಂ. ಮೊದ್ಲೇ ಚೆಕ್ ಮಾಡ್ಕೋಬಾರ್ದಾ?"

ಅಜ್ಜಿ ಮಾತ್ರ ಚೊಂಬನ್ನು ಕೆಳಗಿಟ್ಟು ತಿರುಗಿದರು. "ಅವಳು ಕಣ್ಣು ಬಿಡಕ್ಕೆ ಈ ಹುಡುಗಿ ಬ್ಯಾಟ್ರಿ ಬೇಕೇನ್ರೇ? ಸುಮ್ನೆ ಸುತ್ತು ಹಾಕಿ ಹೋಗಿ. ಇವಳು ನಿಜ ಹೇಳ್ತಾವ್ಳೆ, ಇವಳೇ ತೆಗೀಲಿ."

ಛತ್ರಕ್ಕೆ ಹೋದೆ. ಮದುವೆಯ ಫೋಟೋಗ್ರಾಫರ್ ಉತ್ತರ ಕರ್ನಾಟಕದಿಂದ ಬಂದು ಬಿಟಿಎಂನಲ್ಲಿ ಕೋಣೆ ಮಾಡಿಕೊಂಡಿದ್ದವರು. ಪಕ್ಕದ ಗುಡಿಯಲ್ಲಿ ನಡೆದದ್ದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯಯ್ಯ! ಹಂಗಾರ ಇವತ್ತ ದೇವಿ ಲಗ್ನದ ಫೋಟೋನೂ ನಾನಾ ತಗದೆ ಅನ್ರಿ! ನಿಮ್ಮ ಮುಂಜಾನಿ ಟೆಸ್ಟಿಗೆ ನನ್ನ ಲೈಟೂ ತಾನಾ ಹೊಡೀತಿತ್ತು ನೋಡ್ರಿ. ಮದುಮಗ ಪ್ರತಿ ಸಲಾ ಬೆಚ್ಚಿ ಬೀಳಾಕ ಹತ್ತಿದ್ದ. ನಾ ಅಂದ್ಕೊಂಡೆ, ಲಗ್ನದ ಅಂಜಿಕಿ."

ಅವರು ಒಂದರಲ್ಲೇ ಉಳಿದರು, ನಾನು ಒಂಬತ್ತಕ್ಕೆ ಹೋದೆ. ಮರಳಿ ಬರುವಷ್ಟರಲ್ಲಿ ಅಜ್ಜಿ ಸೀರೆ ಉಡಿಸಿ ಆಗಿತ್ತು. ಅಂದು ಉಳಿದದ್ದು, ಗಲಾಟೆಗೆ ಮೊದಲು ತೆಗೆದ ಎರಡೇ ಚಿತ್ರ. ಅವುಗಳಲ್ಲಿ ಕಲ್ಲು ಮೊಸರಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ಮೆತ್ತನೆಯ ಬೆಳಕು ಎಲ್ಲ ಕಡೆಯಿಂದ ಬಂದು, ಇದ್ದಬದ್ದ ಉಬ್ಬುತಗ್ಗನ್ನೂ ತುಂಬಿಬಿಟ್ಟಿತ್ತು.

ಬುಧವಾರ ಸಾಫ್ಟ್‌ಬಾಕ್ಸ್ ಬಿಟ್ಟು ಹೋದೆ. ಫ್ಲ್ಯಾಶನ್ನು ಮಾನೋಪಾಡ್ ಎನ್ನುವ ಒಂಟಿಕಾಲಿನ ಕೋಲಿನ ತುದಿಗೆ ಬಿಗಿದು, ಯಜಮಾನರ ಅಪ್ಪಣೆ ಕೇಳಿ, ಹೊಸಿಲಿನ ಈಚೆಯಿಂದಲೇ ಕೋಲನ್ನು ಒಳಕ್ಕೆ ಚಾಚಿದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕ್ಯಾಮೆರಾದ ರಿಮೋಟ್. ಕೋಲು ನಡುಗಿತು. ಚಾಚಿದರೂ ಬೆಳಕು ಎದುರಿನಿಂದಲೇ ಬೀಳುತ್ತಿತ್ತು, ಬದಿಗೆ ಹೋಗಲು ಬಾಗಿಲಿನ ಚೌಕಟ್ಟು ಬಿಡಲಿಲ್ಲ. ಸಾಲದ್ದಕ್ಕೆ ಆಗಷ್ಟೇ ಅಭಿಷೇಕವಾದ ಕಲ್ಲು ಒದ್ದೆಯಾಗಿತ್ತು. ಪ್ರತಿ ಚಿತ್ರದಲ್ಲೂ ನೀರಿನ ಹನಿಗಳು ಬಿಳಿ ಚುಕ್ಕೆಗಳಾಗಿ ಕುಣಿದವು. ಕೆಳಗಿನ ಎಡಮೂಲೆಯನ್ನು ದೊಡ್ಡದು ಮಾಡಿ ತೋರಿಸಿದೆ. ಕಪ್ಪು, ಅದರ ಮೇಲೆ ಹನಿಗಳು, ಮತ್ತೇನಿಲ್ಲ.

"ನೋಡಿದ್ಯಾ ಅವ್ವ?" ಎಂದರು ಯಜಮಾನರು. ಗೆದ್ದ ದನಿಯಲ್ಲಿ ಅಲ್ಲ, ಮೆಲ್ಲಗೆ. "ನಿನ್ನ ಕೈಗೆ ಸಿಗ್ತಿರೋದು ಕಲ್ಲಿನ ಗಂಟು ಕಣವ್ವ."

ಅಜ್ಜಿ ಒಂದು ಚಮಚ ಹಾಲನ್ನು ಎಡಮೂಲೆಗೆ ಇಟ್ಟು, ಬೆರಳನ್ನು ಅಲ್ಲಿಯೇ ಒಂದು ಗಳಿಗೆ ಬಿಟ್ಟರು. ಅವರ ಬೆರಳು ಸುಮ್ಮನೆ ಇರಲಿಲ್ಲ. ಏನನ್ನೋ ಸವರಿಕೊಂಡು ಮೇಲಕ್ಕೆ ಹೋಗಿ, ಬಳಸಿ, ಕೆಳಕ್ಕೆ ಬಂತು. ಗಂಟಿನ ಮೇಲೆ ಓಡಾಡುವ ಬೆರಳು ಹಾಗೆ ಓಡಾಡುವುದಿಲ್ಲ. ಅಲ್ಲೊಂದು ಗೆರೆಯಿತ್ತು.

"ನಾಳೆ ಒಂದ್ಸಲ ಬರ್ಲಾ ಸಾರ್?" ಎಂದು ಕೇಳಿದೆ. ಕೇಳಿ ಪಡೆಯುವುದು ನನ್ನ ಸ್ವಭಾವವಲ್ಲ.

"ನಾಳೆ ಗುರುವಾರ. ನಾಡಿದ್ದು ಕವಚ. ಬನ್ನಿ, ಆದ್ರೆ ಅದೇ ಕೊನೆ."

ಹನುಮಂತನಗರದ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಹಳೆಯ ಬೀಸುವ ಕಲ್ಲಿದೆ. ಅದಕ್ಕೆ ಯಾವ ಕಾಲದಲ್ಲೋ ಉಳಿ ಹೊಡೆಸಿದ ಗುರುತುಗಳು ಈಗ ಕಣ್ಣಿಗೆ ಕಾಣದಷ್ಟು ಸವೆದಿವೆ. ಮಧ್ಯಾಹ್ನ ಅದನ್ನು ಎಳೆದು ಗೋಡೆಗೆ ಒರಗಿಸಿ, ಪರದೆ ಎಳೆದು, ಗರ್ಭಗುಡಿಯೆಂದು ಭಾವಿಸಿಕೊಂಡು ಫ್ಲ್ಯಾಶನ್ನು ಜಾಗದಿಂದ ಜಾಗಕ್ಕೆ ಇಡುತ್ತ ಹೋದೆ. ಎದುರಿನಿಂದ ಹೊಡೆದರೆ ನುಣುಪು. ಓರೆಯಾಗಿ ಹೊಡೆದರೆ ಅಲ್ಲಲ್ಲಿ ಏನೋ. ಫ್ಲ್ಯಾಶನ್ನು ನೆಲದ ಮೇಲೆ, ಕಲ್ಲಿನ ಮೈಗೆ ತಾಗುವಷ್ಟು ಹತ್ತಿರ ಇಟ್ಟು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಮಾಡಿದಾಗ ಒಂದೊಂದು ಉಳಿಯ ಪೆಟ್ಟೂ ನೆರಳು ಕಟ್ಟಿಕೊಂಡು ಎದ್ದು ನಿಂತಿತು. ಅಡುಗೆಮನೆಯಿಂದ ಬಂದ ಅಮ್ಮ, "ಇದ್ರಲ್ಲಿ ಇಷ್ಟೊಂದು ಗುರುತಿತ್ತಾ!" ಎಂದರು. ಕಲ್ಲಿನ ಮೇಲೆ ನೀರು ಚಿಮುಕಿಸಿದೆ. ಅರ್ಧ ಗುರುತು ಮಾಯವಾಯಿತು. ಒರೆಸಿದೆ, ಬಂತು.

ಬೇಕಾದದ್ದು ಸ್ಪಷ್ಟವಾಯಿತು. ಕಲ್ಲು ಒಣಗಿರಬೇಕು. ಬೆಳಕು ಕಿರಿದಾಗಿ, ಗಟ್ಟಿಯಾಗಿ, ಕೆಳಗಿನ ಎಡಬದಿಯಿಂದ ಬರಬೇಕು. ಅಲ್ಲಿ ಕಲ್ಲಿಗೂ ಗೋಡೆಗೂ ನಡುವೆ ಗೇಣಗಲದ ಸಂದು. ಸ್ಟ್ಯಾಂಡ್ ಹೋಗದು, ಕೋಲು ಹೋಗದು. ಹೋಗುವುದು ಒಂದು ಕೈ ಮಾತ್ರ. ಆ ಸಂದಿಗೆ ದಿನವೂ ಹೋಗಿಬರುವ ಕೈ ಯಾವುದೆಂದು ನನಗೆ ಗೊತ್ತಿತ್ತು. ನಡುವೆ ತಂತಿಯಿಲ್ಲದ ಮೇಲೆ ಫ್ಲ್ಯಾಶ್ ನನ್ನ ಕೈಯಲ್ಲೇ ಇರಬೇಕೆಂದೇನಿದೆ? ಬೆಳಕು ಒಳಗೆ ಹೋಗಲಿ, ನಾನು ಹೊರಗೇ ಇರುತ್ತೇನೆ.

ಸಂಜೆ ಬಿಟಿಎಂಗೆ ಹೋಗಿ ಮದುವೆ ಫೋಟೋಗ್ರಾಫರನ್ನು ಕಂಡೆ. ಬೆಳಕು ಹರಡದಂತೆ ಫ್ಲ್ಯಾಶಿನ ಮುಖಕ್ಕೆ ಹಾಕುವ, ಜೇನುಗೂಡಿನಂಥ ಕಪ್ಪು ಜಾಲರಿ ಅವರ ಬಳಿ ಇತ್ತು. ಬೆಳ್ಳಿಯ ಕೆಲಸದಲ್ಲಿ ನನಗೆ ಅದು ಎಂದೂ ಬೇಕಾಗಿರಲಿಲ್ಲ.

"ಒಯ್ರಿ" ಎಂದರು. "ನಮ್ಮ ಕೆಲಸದಾಗ ಇದು ಮೂಲ್ಯಾಗ ಬಿದ್ದಿರ್ತೈತಿ. ಎಲ್ಲಾರೂ ಬಂದು, ಮಾರಿ ಮ್ಯಾಲಿನ ಗೆರಿ ಕಾಣಬಾರದಣ್ಣ, ಅಂತಾರ. ನಿಮಗೊಬ್ಬರಿಗಾ ನೋಡ್ರಿ ಗೆರಿ ಬೇಕಾಗಿದ್ದು. ದೇವಿಗೆ ನನ್ನ ಹೆಸರ್ಲೇ ಒಂದು ಶರಣು ಹೇಳ್ರಿ, ನಿನ್ನಿ ಕಣ್ಣು ಕುಕ್ಕಿಸೇನಿ."

ಗುರುವಾರ ಬೆಳಿಗ್ಗೆ ನನ್ನ ಬೇಡಿಕೆಯನ್ನು ಅಜ್ಜಿಯ ಮುಂದಿಟ್ಟೆ. ಎಣ್ಣೆ ಹಚ್ಚಬಾರದು. ಸೀಗೆಪುಡಿಯಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣಗಲು ಬಿಡಬೇಕು. ಆಮೇಲೆ ಈ ಫ್ಲ್ಯಾಶನ್ನು ಅವರೇ ಒಳಗೆ ಹಿಡಿದುಕೊಳ್ಳಬೇಕು.

ಮೊದಲೆರಡಕ್ಕೆ ಅಜ್ಜಿ ತಲೆಯಾಡಿಸಿದರು. ಮೂರನೆಯದಕ್ಕೆ ಫ್ಲ್ಯಾಶನ್ನು ದೂರದಿಂದಲೇ ನೋಡಿದರು.

"ನಾನು ನೀರು ಹಾಕ್ಕೊಂಡು ಬಂದಿವ್ನಿ. ಅದನ್ನ ಹೆಂಗೆ ಮುಟ್ಲಿ? ಎಲ್ಲೆಲ್ಲಿ ಇಟ್ಟಿದ್ಯೋ ಏನೋ. ನೀರಲ್ಲಿ ಅದ್ದಿ ಕೊಡು."

"ಅಜ್ಜಿ, ನೀರಲ್ಲಿ ಅದ್ದಿದ್ರೆ ಕೆಟ್ಟೇ ಹೋಗುತ್ತೆ."

"ಹಂಗಾದ್ರೆ ಅರಿಶಿನದ ನೀರು ಚಿಮುಕಿಸ್ತೀನಿ, ಸ್ವಲ್ಪ."

"ಸ್ವಲ್ಪಾನೂ ಬೇಡ ಅಜ್ಜಿ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ಬಿಡಿ ಮೇಡಂ, ಆಗಲ್ಲ ಅಂದ್ರೆ ಆಗಲ್ಲ. ಬ್ಯಾಟ್ರಿ ಐಟಮ್ ಒಳಗೆ ತಗೊಂಡ್ಹೋಗೋದು ನಂಗೂ ಸರಿ ಅನ್ನಿಸ್ತಿಲ್ಲ."

ಅಲ್ಲಿಗೆ ಮುಗಿಯಿತೆಂದುಕೊಂಡೆ. ಫ್ಲ್ಯಾಶನ್ನು ಚೀಲಕ್ಕೆ ಹಾಕಲು ತಿರುಗಿಸಿದಾಗ ಅಜ್ಜಿ, "ಅದೇನು ಕೆಂಪಗೆ?" ಎಂದರು. ಬ್ಯಾಟರಿ ಹಾಕುವ ಮುಚ್ಚಳದ ಸಂದಿನಲ್ಲಿ ಕುಂಕುಮ ಕೂತಿತ್ತು. ಎಷ್ಟು ಒರೆಸಿದರೂ ಆ ಸಂದಿನಿಂದ ಹೋಗಿರಲಿಲ್ಲ.

"ಕುಂಕುಮ ಅಜ್ಜಿ. ಆಯುಧ ಪೂಜೇಲಿ ಇಟ್ಟಿದ್ದು. ಕ್ಯಾಮೆರಾ, ಲೈಟು, ಎಲ್ಲಕ್ಕೂ ಇಡ್ತೀವಿ ಮನೇಲಿ."

"ಹೂವಾನೂ ಹಾಕಿದ್ರಾ?"

"ಹಾಕಿದ್ವಿ. ಅಮ್ಮ ಆರತಿನೂ ಎತ್ತಿದ್ರು."

ಅಜ್ಜಿ ಮಗನ ಕಡೆ ತಿರುಗಿದರು. "ಕೇಳಿದ್ಯೇನೋ? ಇದಕ್ಕೂ ಪೂಜೆ ಆಗೈತೆ. ನೀನು ಟ್ರ್ಯಾಕ್ಟರ್‌ಗೆ ಪೂಜೆ ಮಾಡಿ ಗುಡಿ ಸುತ್ತು ಹೊಡಿಸ್ತಿದ್ದಾಗ ಅದೇನು ನೀರು ಹಾಕ್ಕೊಂಡು ಬಂದಿತ್ತಾ?" ಆಮೇಲೆ ಹೊಸಿಲಿನ ಒಳಗಿನಿಂದ ನನ್ನತ್ತ ಎರಡೂ ಕೈ ಚಾಚಿದರು. "ತಾರವ್ವ."

ನಾನು ಹೊಸಿಲಿನ ಮೇಲೆ ಕೈ ಚಾಚಿ ಫ್ಲ್ಯಾಶನ್ನು ಅವರ ಬೊಗಸೆಯಲ್ಲಿಟ್ಟೆ. ಆ ಒಂದು ಗಳಿಗೆಯ ನಂಬಿಕೆಗೆ ನಾನು ಇವತ್ತಿಗೂ ಋಣಿ.

ಕಲ್ಲು ಒಣಗಿತು. ಟ್ಯೂಬ್‌ಲೈಟ್ ಆರಿಸಿದರು. ಜಾಲರಿ ಹಾಕಿದ ಫ್ಲ್ಯಾಶ್ ಅಜ್ಜಿಯ ಕೈಯಲ್ಲಿ. ನೆರಳುಗಳು ತೀರಾ ಕಪ್ಪಾಗದಿರಲಿ ಎಂದು ಇನ್ನೊಂದು ಫ್ಲ್ಯಾಶನ್ನು ತುಂಬಾ ಮಂದವಾಗಿಸಿ ನನ್ನ ಪಕ್ಕದಲ್ಲಿ ಗೋಡೆಗೆ ತಿರುಗಿಸಿಟ್ಟೆ. ಎರಡೂ ಒಂಬತ್ತನೇ ಚಾನೆಲ್. ಪಕ್ಕದ ಛತ್ರದಲ್ಲಿ ಅಂದೂ ಮದುವೆಯಿತ್ತು, ಓಲಗ ಕೇಳುತ್ತಿತ್ತು. ನನ್ನ ಫ್ಲ್ಯಾಶ್ ಮಿಸುಕಲಿಲ್ಲ.

"ಮೊದಲು ಮೇಲಿಂದ ಅಜ್ಜಿ. ಅದರ ಮುಖ ಅಮ್ಮನ ಕಡೆ ಇರ್ಲಿ."

ಅಜ್ಜಿಯ ಕೈಗೆ ಒಂದೆಡೆ ನಿಲ್ಲುವ ಅಭ್ಯಾಸವಿರಲಿಲ್ಲ. ಆರತಿ ಎತ್ತುವ ಹಾಗೆ ಅದು ತಾನಾಗಿ ಸುತ್ತುತ್ತಿತ್ತು.

"ನಿಲ್ಸಿ ಅಜ್ಜಿ, ಸುತ್ತಬೇಡಿ."

"ಕೈ ಕೇಳಕ್ಕಿಲ್ಲ ಕಣವ್ವ. ಇಲ್ಲಿ ನಿಂತ್ರೆ ಅದೇ ಸುತ್ತುತ್ತದೆ."

ತಡೆಯಲು ಹೋಗಿ ಎರಡು ಮೂರು ಚಿತ್ರ ಕೆಟ್ಟವು. ಆಮೇಲೆ ನಾನೇ ಬದಲಾದೆ. "ಸರಿ, ಸುತ್ತಿ. ನಿಧಾನಕ್ಕೆ, ಅಮ್ಮನ ಮೈ ಪಕ್ಕದಲ್ಲೇ, ಕೆಳಗಿನ ತನಕ" ಎಂದೆ. ಫ್ಲ್ಯಾಶ್ ಮಿಂಚುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಆ ಹೊತ್ತಿನಲ್ಲಿ ನಡೆಯುವ ಕೈಯೂ ನಿಂತ ಹಾಗೇ. ಅವರು ಆರತಿಯ ಲಯದಲ್ಲಿ ಕೈ ಇಳಿಸುತ್ತ ಬಂದರು, ನಾನು ಆ ಲಯಕ್ಕೆ ಗುಂಡಿ ಒತ್ತುತ್ತ ಹೋದೆ. ಕೈ ಬಲಬದಿಯಲ್ಲಿ ಇಳಿದು, ಕೆಳಗೆ ಬಳಸಿ, ಎಡಗಡೆಯ ಸಂದನ್ನು ಹೊಕ್ಕಿತು. ಫ್ಲ್ಯಾಶ್ ಚಾರ್ಜ್ ಆಗಿ ಅದರ ದೀಪ ಮತ್ತೆ ಕೆಂಪಾಗುವುದನ್ನು ಕಾದು, ಒತ್ತಿದೆ.

ಪರದೆಯ ಮೇಲೆ ಬಂದ ಚಿತ್ರವನ್ನು ಮೊದಲು ನಾನೊಬ್ಬಳೇ ನೋಡಿದೆ. ಕೆಳಗಿನ ಎಡಮೂಲೆಯಲ್ಲಿ ಕಲ್ಲು ತೆರೆದುಕೊಂಡಿತ್ತು. ಗೆರೆ ಇತ್ತು, ಅಜ್ಜಿಯ ಬೆರಳು ಓಡಾಡಿದ ದಾರಿಯಲ್ಲೇ ಇತ್ತು. ಉಬ್ಬಿದ ಎದೆ, ಸಣ್ಣ ನಡು, ಚಾಚಿದ ಕಾಲು, ಮೇಲಕ್ಕೆತ್ತಿದ ಮೂತಿ, ಸುರುಳಿಯಾದ ಬಾಲ.

ಮಗು ಅಲ್ಲ. ನಾಯಿ.

"ಬಂತಾ?" ಎಂದರು ಅಜ್ಜಿ.

ಒಪ್ಪಂದ ನನ್ನ ನೆನಪಿನಲ್ಲಿತ್ತು. ಮಗು ಕಂಡರೆ ಮೂಲೆ ತೆರೆಯುತ್ತದೆ. ಏನೋ ಒಂದು ಆಕಾರವಿದೆ, ಸರಿಯಾಗಿ ಹೇಳಲಾಗದು ಎಂದುಬಿಡಬಹುದಿತ್ತು. ಆದರೆ ನಿಜ ಹೇಳುತ್ತಾಳೆ ಎಂಬ ಮಾತಿನ ಮೇಲೆ ತಾನೇ ಅಜ್ಜಿ ನನ್ನನ್ನು ಉಳಿಸಿಕೊಂಡಿದ್ದು? ಕ್ಯಾಮೆರಾವನ್ನು ಟ್ರೈಪಾಡಿನಿಂದ ಬಿಚ್ಚಿ ಪರದೆಯನ್ನು ಅವರತ್ತ ತಿರುಗಿಸಿದೆ. ಅಜ್ಜಿ ಹೊಸಿಲಿನ ಆಚೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಕಿರಿದು ಮಾಡಿದರು. ಯಜಮಾನರು ನನ್ನ ಪಕ್ಕ ಬಗ್ಗಿದರು.

"ಅಜ್ಜಿ, ನಿಮ್ಮ ಕೈ ಹೇಳಿದ ಜಾಗದಲ್ಲೇ ಇದೆ. ಆದ್ರೆ ಅದು ಮಗು ಅಲ್ಲ. ನಾಯಿ."

ಅಜ್ಜಿ ಪರದೆಯ ಮೇಲೆ ಬೆರಳಿಟ್ಟು ಗೆರೆಯನ್ನು ಸವರಿದರು. ಮೂತಿ, ಎದೆ, ಕಾಲು, ಬಾಲ. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ಅವರು ನಗುತ್ತಿದ್ದರು.

"ಅಯ್ಯೋ ನನ್ನ ಶಿವನೇ! ನಮ್ಮತ್ತೆ ನಾಯಿಗೆ ಬೊಟ್ಟಿಡಿಸವ್ಳಲ್ಲೋ! ಮಗಾ ಮಲಕ್ಕೊಂಡೈತೆ ಅಂತ ನಾನು ಮೆತ್ತಗೆ ಸವರೋಳು. ಬಾಲ ಸವರ್ತಿದ್ನಲ್ಲೋ!"

ಯಜಮಾನರು ನಗಲಿಲ್ಲ. ಕ್ಯಾಮೆರಾವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದರು. ಮಗು ಅಲ್ಲವಲ್ಲ, ಒಪ್ಪಂದ ಮುಗಿಯಿತು ಎನ್ನುತ್ತಾರೆಂದು ಕಾದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಅವ್ವ, ಕರಿಯ ಹಿಂಗೇ ನಿಲ್ತಿದ್ದ ಅಲ್ವಾ?" ಎಂದರು.

"ಯಾವ ಕರಿಯ?"

"ಹೊಲದ ಕರಿಯ. ಕಣದಲ್ಲಿ ನಾನು ಮಲಗಿದ್ರೆ ಪಕ್ಕದಲ್ಲಿ. ಹಂದಿ ಬಂದ್ರೆ ಹಿಂಗೇ ಮೂತಿ ಎತ್ತೋನು. ಬಾಲಾನೂ ಹಿಂಗೇ." ನನ್ನತ್ತ ತಿರುಗಿದರು. "ಆ ಜಿಮ್ ಇದೆಯಲ್ಲ ಮೇಡಂ, ಅಲ್ಲೇ ಕಣ ಇದ್ದಿದ್ದು. ಅಡಿಪಾಯ ತೆಗೆಯೋಕೆ ಮುಂಚೇನೇ ಹೋಗ್ಬಿಟ್ಟ. ಒಂದು ಫೋಟೋ ಇಲ್ಲ ಅವನ್ದು."

ಕ್ಯಾಮೆರಾ ನನಗೆ ಕೊಟ್ಟು ಅರಳಿಕಟ್ಟೆಯ ಹತ್ತಿರ ಹೋಗಿ ಫೋನ್ ಹಚ್ಚಿದರು. "ಹಲೋ, ಹಾಂ, ಕವಚದ್ದು. ಕೆಳಗಡೆ ಎಡಗಡೆ ಮೂಲೆ ಬಿಡ್ಬೇಕಲ್ಲ. ಹೌದು, ಕಟ್ ಮಾಡಿ. ಗೊತ್ತು ಕಣಪ್ಪ, ನಾಳೇನೇ. ಒಂದು ಗೇಣು ಬಿಡಿ ಸಾಕು. ಯಾಕೆ ಅಂದ್ರೆ? ಅಲ್ಲೊಬ್ಬ ಇದಾನೆ, ಅದಕ್ಕೆ."

ಅಜ್ಜಿ ಫ್ಲ್ಯಾಶನ್ನು ಹೊಸಿಲಿನ ಮೇಲಿಂದ ನನಗೆ ಹಿಂತಿರುಗಿಸಿದರು. ಅವರ ಹೆಬ್ಬೆರಳಿನ ಅರಿಶಿನ ಅದರ ಕತ್ತಿಗೆ ಹತ್ತಿತ್ತು.

ಉಳಿದ ಚಿತ್ರಗಳನ್ನು ಮನೆಯಲ್ಲಿ ಒಂದೊಂದಾಗಿ ನೋಡಿದೆ. ಬಲಗಡೆಯಿಂದ ಬೆಳಕು ಬಿದ್ದ ಒಂದು ಚಿತ್ರದಲ್ಲಿ ಅಮ್ಮನ ಕೈಯಲ್ಲಿ ಏನೋ ಹಿಡಿದಂತಿತ್ತು. ಕಾಲೇಜಿನಲ್ಲಿ ಇತಿಹಾಸ ಓದಿದವಳಾಗಿ ನನಗೆ ಒಂದು ಊಹೆ ಬಂತು. ಬಹಳ ಹಿಂದೆ ನಾಯಿಯ ಜೊತೆ ಹಂದಿಗೆ ಎದುರು ನಿಂತು ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ ವೀರಗಲ್ಲೇ ಆಮೇಲೆ ಅಮ್ಮನಾಗಿದ್ದರೂ ಆಗಿರಬಹುದು. ನನ್ನನ್ನು ಕೇಳಿದ್ದು ಎಡಮೂಲೆಯ ಬಗ್ಗೆ, ಅದಕ್ಕೆ ಉತ್ತರ ಕೊಟ್ಟಿದ್ದೆ. ಅಮ್ಮನ ಕೈಯಲ್ಲಿ ಏನಿದೆಯೆಂದು ಆ ಮನೆಯವರು 'ಹೇಳು' ಎಂದ ದಿನ ಹೇಳುತ್ತೇನೆ. ಎಲ್ಲ ಚಿತ್ರಗಳನ್ನೂ ಅವರಿಗೇ ಕೊಟ್ಟಿದ್ದೇನೆ.

ಚಿತ್ರಕ್ಕೆ ಚೌಕಟ್ಟು ಹಾಕಿಸಿ ಒಯ್ಯುವ ಹೊತ್ತಿಗೆ ಕವಚ ಕೂತು ಕೆಲವು ವಾರಗಳಾಗಿದ್ದವು. ಬೆಳ್ಳಿ ಚೆನ್ನಾಗಿತ್ತು. ಅದರ ಮೇಲೆ ಬಾಗಿಲು, ಅರಳಿಮರ, ಎದುರಿಗೆ ನಿಂತ ನಾನು ಎಲ್ಲವೂ ಕಾಣುತ್ತಿತ್ತು. ಕೆಳಗಿನ ಎಡಮೂಲೆಯಲ್ಲಿ ಮಾತ್ರ ಒಂದು ಗೇಣು ಕಪ್ಪು ಕಲ್ಲು. ಅದರ ಮೇಲೆ ಕುಂಕುಮದ ಬೊಟ್ಟು ಈಗ ಸರಿಯಾಗಿ ಹಣೆಯ ಜಾಗದಲ್ಲಿತ್ತು. ಮುಂದೆ ಚಮಚದ ಬದಲು ಒಂದು ಪುಟ್ಟ ಬಟ್ಟಲು, ತುಂಬಾ ಹಾಲು.

"ಜಾಸ್ತಿ ಮಾಡಿದ್ದೀರಲ್ಲ ಅಜ್ಜಿ" ಎಂದೆ.

ಅಜ್ಜಿ ದೀಪಕ್ಕೆ ಎಣ್ಣೆ ಹಾಕುತ್ತ ಹೇಳಿದರು: "ಮಗ ಅಂದ್ಕೊಂಡಿದ್ದಾಗ ಒಂದು ಚಮಚ ಸಾಕಿತ್ತು ಕಣವ್ವ, ಮಲಗಿರೋದಲ್ವಾ. ಇವನು ಪಾಪ ಅಷ್ಟು ದಿನದಿಂದ ಎದ್ದು ನಿಂತ್ಕೊಂಡು ಕಾಯ್ತಾವ್ನೆ."